ಜಿಂಕೆಯನ್ನು ಕುದುರೆಯೆಂದವರು

ಚೀನೀ ಭಾಷೆಯನ್ನು ಅಭ್ಯಾಸಮಾಡುತ್ತಿರುವ ನನ್ನ ಮಗಳು ಮೊನ್ನೆ ತಾನು ಹೊಸದಾಗಿ ಕಲಿತ ಪದವೊಂದನ್ನು ಹೇಳಿದಳು: 'ಜಿ ಲು ವೇಯ್ ಮಾ'. ಅಕ್ಷರಗಳು ನಾಲ್ಕೇ; ಅರ್ಥವು 'ಜಿಂಕೆಯನ್ನು ತೋರಿಸಿ ಕುದುರೆಯೆನ್ನುವುದು'. ತಿಳಿದೂ ತಿಳಿದೂ ಸತ್ಯವನ್ನು ತಿರುಚುವುದಕ್ಕೆ ಆ ಜನರು ಇದನ್ನು ಬಳಸುತ್ತಾರೆ.

ಇದರ ಮೂಲಕಥೆಯು ಸೀಮಾ ಚ್ಯೆನ್ ಎಂಬ ಇತಿಹಾಸಕಾರನ 'ಶೀಜೀ' ಗ್ರಂಥದಲ್ಲಿದೆ. ಕ್ರಿ. ಪೂ. 207ರಲ್ಲಿ ಚಿನ್ ವಂಶದ ಎರಡನೆಯ ಚಕ್ರವರ್ತಿಯ ಮಂತ್ರಿಯಾದ ಜಾವ್ ಗಾವ್ ರಾಜದ್ರೋಹವನ್ನು ಬಗೆದು, ಆಸ್ಥಾನಿಕರು ತನ್ನ ಕಡೆ ನಿಲ್ಲುವರೋ ಇಲ್ಲವೋ ಎಂದು ಪರೀಕ್ಷಿಸಲು ಜಿಂಕೆಯೊಂದನ್ನು ತಂದು, ಕುದುರೆಯೆಂದು ಅರಸನಿಗೆ ಒಪ್ಪಿಸಿದನು. ಅರಸನು ನಕ್ಕು, ಮಂತ್ರಿಯು ತಪ್ಪಿದನೆಂದನು; ಸುತ್ತಲಿದ್ದವರನ್ನು ಕೇಳಿದನು. ಕೆಲವರು ಸುಮ್ಮನಿದ್ದರು, ಕೆಲವರು ಕುದುರೆಯೆಂದರು, ಕೆಲವರು ಜಿಂಕೆಯೆಂದರು. ಜಿಂಕೆಯೆಂದವರನ್ನು ಮಂತ್ರಿಯು ಗುಟ್ಟಾಗಿ ದಂಡನೆಗೆ ಗುರಿಮಾಡಿದನು.

ಈ ಸುಳ್ಳಿನ ಜಾತಿ ಯಾವುದು? ಕಪ್ಪೆಚಿಪ್ಪನ್ನು ಬೆಳ್ಳಿಯೆಂದು ತಿಳಿಯುವುದು ಭ್ರಾಂತಿ. ಅಲ್ಲಿ ದೋಷವು ನೋಡುವವನ ಅರಿವಿನದು. ಇದು ಮುಖವಲ್ಲ, ಚಂದ್ರನೆಂದು ಕವಿಯು ಅಪಹ್ನುತಿಯನ್ನು ಹೇಳಿದರೆ ಯಾರೂ ಮೋಸಹೋಗರು, ಎಲ್ಲರೂ ಸಂತೋಷಪಡುವರು. ಅಶ್ವತ್ಥಾಮನು ಹತನಾದನೆಂಬ ಮಾತು ದ್ರೋಣನು ನಂಬಿದ್ದರಿಂದಲೇ ಫಲಿಸಿತು. ಜಾವ್ ಗಾವನ ಮಾತನ್ನಾದರೋ ಒಬ್ಬನೂ ನಂಬಬೇಕಾಗಿರಲಿಲ್ಲ. ನಂಬಿದವನು ಕೇವಲ ಮೂಢನಾಗುತ್ತಿದ್ದನು. ನಂಬದೆಯೂ ಹೌದೆಂದವನೇ ಅವನಿಗೆ ಬೇಕಾದ ಮನುಷ್ಯ. ನಮ್ಮ ತಾರ್ಕಿಕರು ಛಲವನ್ನು ಮೂರು ವಿಧವಾಗಿ ವಿಂಗಡಿಸಿದ್ದಾರೆ. ಇದು ಆ ಮೂರರಲ್ಲಿಯೂ ಸೇರುವುದಿಲ್ಲವೆಂದು ನನ್ನ ಎಣಿಕೆ.

ಅದೇ ವರ್ಷ ಅರಸನು ಬಲವಂತದಿಂದ ಆತ್ಮಹತ್ಯೆ ಮಾಡಿಕೊಳ್ಳಬೇಕಾಯಿತು, ಮಂತ್ರಿಯೂ ಹತನಾದನು, ಮರುವರ್ಷ ವಂಶವೇ ಅಳಿಯಿತು. ಇದರಿಂದ ನೀತಿಯನ್ನು ತೆಗೆಯುವುದು ಸುಲಭ. ನನ್ನ ಮನಸ್ಸು ಮಾತ್ರ ಆ ಸುಮ್ಮನಿದ್ದವರ ಬಳಿಯೇ ನಿಂತಿದೆ. ಅವರು ಸುಳ್ಳಾಡಲಿಲ್ಲವಷ್ಟೆ?

ಮೂವತ್ತು ವರ್ಷಗಳ ಹಿಂದೆ ನನ್ನ ತರಗತಿಗೆ ತನಿಖೆಗೆ ಬಂದ ಅಧಿಕಾರಿಯೊಬ್ಬರು 'ಸೂರ್ಯೋದಯ'ದಲ್ಲಿ ಯಾವ ಸಂಧಿಯೆಂದು ಕೇಳಿದರು. ಹುಡುಗನೊಬ್ಬನು ಎದ್ದು ಗುಣಸಂಧಿಯೆಂದನು. "ಅಲ್ಲ, ವೃದ್ಧಿಸಂಧಿ. ಏನು ಮೇಷ್ಟ್ರೇ?" ಎಂದು ಅವರು ನನ್ನ ಕಡೆ ತಿರುಗಿದರು. ಅವರದು ಭ್ರಾಂತಿ, ಹದಿನೈದು ವರ್ಷ ಪಾಠಶಾಲೆಯ ಅನ್ನವುಂಡ ನನಗೆ ಆ ನೆಪವಿರಲಿಲ್ಲ. ನನ್ನ ಬಡ್ತಿಯ ಕಾಗದವು ಅವರ ಮೇಜಿನ ಮೇಲಿತ್ತು. ನಾನು ಮಾತಾಡಲಿಲ್ಲ. ಹುಡುಗನು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಕುಳಿತುಕೊಂಡನು.

ಮರುದಿನ ಅವನ ಪುಸ್ತಕವನ್ನು ತಿದ್ದಲು ತೆಗೆದೆನು. ಗುಣವೆಂಬುದನ್ನು ಹೊಡೆದುಹಾಕಿ, ಮೇಲೆ ಅಂದವಾಗಿ ವೃದ್ಧಿಯೆಂದು ಬರೆದಿದ್ದನು.