ಅರ್ಥ ಹೇಳದ ಮಾತು

ಕಡೂರಿನ ನಮ್ಮ ಬೀದಿಯಲ್ಲಿ ಎದುರು ಮನೆಯ ಅಮ್ಮ ಮಗಳನ್ನು ದಖನಿಯಲ್ಲಿ ಬೈದು, ಅದೇ ಉಸಿರಿಗೆ ನನ್ನನ್ನು ಕನ್ನಡದಲ್ಲಿ ಊಟಕ್ಕೆ ಕರೆಯುತ್ತಿದ್ದರು. ಬೈಗುಳದ ಅರ್ಥ ನಾನೆಂದೂ ಕೇಳಲಿಲ್ಲ. ಅವರು ನಮಗಾಗಿ ಕನ್ನಡ ಕಲಿತಿದ್ದರು ಎಂಬುದೂ ಹೊಳೆದಿರಲಿಲ್ಲ.

ಹಾಸನದ ಬಾನು ಮುಷ್ತಾಕ್ ಅವರ ಮನೆಮಾತು ಉರ್ದು, ಬರೆದದ್ದು ಕನ್ನಡದಲ್ಲಿ. ದೀಪಾ ಭಾಸ್ತಿ ಅವರ 12 ಕಥೆಗಳನ್ನು ಇಂಗ್ಲಿಷಿಗೆ ತಂದಾಗ ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಓರೆ ಅಕ್ಷರಕ್ಕೆ ತಳ್ಳಲಿಲ್ಲ, ಅಡಿಟಿಪ್ಪಣಿ ಕೊಡಲಿಲ್ಲ. 2025ರಲ್ಲಿ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಬಂತು. ಟೆಕ್ಸಾಸ್ ಗಡಿಯ ಗ್ಲೋರಿಯಾ ಅಂಜಲ್ದೂವಾ 1987ರಲ್ಲೇ ‘ಬಾರ್ಡರ್‌ಲ್ಯಾಂಡ್ಸ್’ನಲ್ಲಿ ಇಂಗ್ಲಿಷಿನ ನಡುವೆ ಸ್ಪ್ಯಾನಿಷನ್ನು ಹಾಗೇ ಬಿಟ್ಟಿದ್ದರು. ಸದಾ ನಾವೇ ಏಕೆ ಪೂರ್ತಿ ದಾರಿ ನಡೆದು ಬರಬೇಕು, ನೀವೂ ಅರ್ಧ ಬನ್ನಿ ಎಂಬುದು ಅವರ ತಕರಾರು.

ಒಪ್ಪುತ್ತೇನೆ. ಆದರೂ ಅಳುಕಿದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವರಿಗೆ ಅರಿಯದ ಪದ ಗೋಡೆಯೇ ಅಲ್ಲವೇ? ದೊಡ್ಡ ಭಾಷೆಯ ನಾನು ಕಲಿಯಲಿ, ಸರಿ, ಅವರೇಕೆ ಸೋಲಬೇಕು?

ಈಚೆಗೆ ಆ ಅಮ್ಮ ಸಿಕ್ಕರು. ಹಳೆಯ ಬೈಗುಳದ ಅರ್ಥ ಕೇಳಿದೆ. ನಕ್ಕು, “ನಿನಗ್ಯಾಕಪ್ಪ ಅದು? ಊಟ ಆಯ್ತಾ?” ಅಂದರು.