ಅಧ್ಯಾಪಕನ ಉತ್ಸಾಹ

ಶಾಲೆಯ ವರ್ಷವೆಂಬುದು ದೀರ್ಘವಾದ ದಾರಿ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನಗಳು, ಆರರಿಂದ ಎಂಟನೆಯ ತರಗತಿಯವರೆಗೆ 220 ದಿನಗಳು ಪಾಠ ನಡೆಯಬೇಕು. ಮುಂಗಾರಿನ ಮೊದಲ ಮಳೆಗಳೊಡನೆ ಶಾಲೆಯ ಬಾಗಿಲು ತೆರೆದಾಗ ಹೊಸ ಪುಸ್ತಕಗಳು, ಹೊಸ ಮುಖಗಳು, ಹೊಸ ಸಂಕಲ್ಪಗಳು ಅಧ್ಯಾಪಕನ ಮನಸ್ಸನ್ನು ಅರಳಿಸುತ್ತವೆ. ಶ್ರಾವಣ ಕಳೆಯುವ ಹೊತ್ತಿಗೆ ಗಂಟಲು ಬತ್ತಿರುತ್ತದೆ. ತಿದ್ದಬೇಕಾದ ಪುಸ್ತಕಗಳೂ ತುಂಬಬೇಕಾದ ನಮೂನೆಗಳೂ ರಾಶಿ ಬಿದ್ದಿರುತ್ತವೆ. ದಸರೆಯ ಬಿಡುವು ತುಸು ಉಸಿರು ಕೊಡುತ್ತದೆ. ಅನಂತರ ಪರೀಕ್ಷೆಯ ಚಿಂತೆ. ಜೂನ್ ತಿಂಗಳಲ್ಲಿದ್ದ ಮನಸ್ಸನ್ನು ಮಾರ್ಚಿಯವರೆಗೆ ಕಾಪಾಡಿಕೊಳ್ಳುವುದು ಸಾಧ್ಯವೆ? ಸಾಧ್ಯವಾದರೆ ಯಾವುದನ್ನು ಆಶ್ರಯಿಸಿ?

ಇದು ಅಧ್ಯಾಪಕನೊಬ್ಬನ ಸುಖದುಃಖದ ಪ್ರಶ್ನೆ ಮಾತ್ರವಲ್ಲ. ಯಾವ ಪಾಠವನ್ನು ಆತನು ಇಪ್ಪತ್ತನೆಯ ಸಲ ಹೇಳುತ್ತಿರುವನೋ ಅದನ್ನು ಎದುರಿಗೆ ಕುಳಿತ ಮಗು ಮೊದಲನೆಯ ಸಲ ಕೇಳುತ್ತಿರುತ್ತದೆ. ಆತನಿಗೆ ಮುಂದಿನ ವರ್ಷವೂ ಮೂರನೆಯ ತರಗತಿ ಉಂಟು. ಆ ಮಗುವಿಗೆ ಇಲ್ಲ. ಆದುದರಿಂದ ಅಧ್ಯಾಪಕನ ನಿರುತ್ಸಾಹದ ಬೆಲೆಯನ್ನು ತೆರುವವರು ಬೇರೆಯವರು. ಈ ಕಾರಣದಿಂದಲೇ ಇದು ಧರ್ಮವಿಚಾರಕ್ಕೆ ಯೋಗ್ಯವಾದ ವಿಷಯವಾಗಿದೆ.

ಉತ್ಸಾಹವು ಹುಟ್ಟುಗುಣವೆಂದು ಕೆಲವರು ಹೇಳುವರು. ಇದು ನಿಜವಾದಲ್ಲಿ ಆ ಗುಣವಿಲ್ಲದವರು ಕೈಚೆಲ್ಲಿ ಕುಳಿತುಕೊಳ್ಳಬೇಕಾಗುತ್ತದೆ. ಅದು ಫಲದಿಂದ ಬರುವುದೆಂದು ಮತ್ತೆ ಕೆಲವರು ಹೇಳುವರು. ಮಕ್ಕಳು ತೇರ್ಗಡೆಯಾದರೆ, ಮೇಲಿನವರು ಮೆಚ್ಚಿದರೆ, ಊರವರು ಕೊಂಡಾಡಿದರೆ ಮನಸ್ಸು ಹಿಗ್ಗುವುದು ಸಹಜವೇ. ಆದರೆ ಬಿತ್ತಿದವನು ಬೆಳೆಯನ್ನು ಕೆಲವು ತಿಂಗಳುಗಳಲ್ಲಿ ಕಾಣಬಲ್ಲನು. ಅಕ್ಷರವನ್ನು ಬಿತ್ತಿದವನಿಗೆ ಆ ಭಾಗ್ಯ ಅಪರೂಪ. 1962ರಿಂದ ಸೆಪ್ಟೆಂಬರ್ 5ನೆಯ ದಿನ, ಡಾಕ್ಟರ್ ರಾಧಾಕೃಷ್ಣನ್ ಅವರ ಜನ್ಮದಿನದಂದು, ದೇಶವು ಅಧ್ಯಾಪಕರನ್ನು ಗೌರವಿಸುತ್ತ ಬಂದಿದೆ. ಆ ದಿನದ ಹಾರತುರಾಯಿ ಯೋಗ್ಯವಾದುದೇ. ಆದರೆ 6ನೆಯ ದಿನದ ಬೆಳಗಿನ ಪಾಠಕ್ಕೆ ಅದು ಸಾಲದು.

ಇಲ್ಲಿ ನಮ್ಮ ಪ್ರಾಚೀನರು ಮಾಡಿದ ಒಂದು ವಿವೇಚನೆ ನೆರವಿಗೆ ಬರುತ್ತದೆ. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಉತ್ಸಾಹವು ವೀರರಸದ ಸ್ಥಾಯಿಭಾವ. ಹರ್ಷವಾದರೋ 33 ವ್ಯಭಿಚಾರಿಭಾವಗಳಲ್ಲಿ ಒಂದು. ಶ್ರಮ, ಗ್ಲಾನಿ, ಚಿಂತೆ, ವಿಷಾದ, ಆಲಸ್ಯಗಳೂ ಅದೇ ಪಂಕ್ತಿಗೆ ಸೇರಿದವು. ವ್ಯಭಿಚಾರಿಗಳು ಕಡಲಿನ ಅಲೆಗಳಂತೆ ಎದ್ದು ಅಡಗುತ್ತವೆ. ಸ್ಥಾಯಿಯು ಕಡಲಿನಂತೆ ನಿಂತಿರುತ್ತದೆ. ವೀರನೆಂದರೆ ಯುದ್ಧವೀರನೊಬ್ಬನೇ ಅಲ್ಲ; ದಾನವೀರ, ಧರ್ಮವೀರರೂ ಉಂಟೆಂದು ಶಾಸ್ತ್ರವೇ ಹೇಳುತ್ತದೆ. ಆ ಶಾಸ್ತ್ರ ಹುಟ್ಟಿದುದು ರಂಗಭೂಮಿಗಾಗಿ, ದಿಟ. ಆದರೂ ಅದರ ಭೇದವು ಬಾಳಿಗೂ ಒಪ್ಪುತ್ತದೆ. ನಾವು ಸಾಮಾನ್ಯವಾಗಿ ಉತ್ಸಾಹವೆಂದು ಕರೆಯುವುದು ಹರ್ಷವನ್ನು. ಹರ್ಷ ಹೋದೊಡನೆ ಉತ್ಸಾಹ ಹೋಯಿತೆಂದು ಎದೆಗುಂದುತ್ತೇವೆ. ದಣಿವು ಬಂದಿತೆಂದ ಮಾತ್ರಕ್ಕೆ ಅಧ್ಯಾಪಕನ ನಿಷ್ಠೆ ಅಳಿಯಿತೆಂದು ಅರ್ಥವಲ್ಲ. ಅಲೆ ಎದ್ದಿದೆ, ಕಡಲು ಇದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಶರಣರು ನುಡಿಗೂ ನಡೆಗೂ ಭೇದವಿರಬಾರದೆಂದು ಸಾರಿದರು. ಮನೆಯಲ್ಲಿ ರೋಗ, ಮನಸ್ಸಿನಲ್ಲಿ ದುಗುಡ. ಹೀಗಿರುವಾಗ ಅಧ್ಯಾಪಕನು ತರಗತಿಯಲ್ಲಿ ಪ್ರಸನ್ನವದನನಾಗಿ ನಿಂತರೆ ಅದು ಕಪಟವಾಗದೆ? ಉತ್ತರ ಇಷ್ಟೆ: ಇಲ್ಲದ ಸಂತೋಷವನ್ನು ನಟಿಸುವುದು ಬೇರೆ, ತನ್ನ ದುಗುಡವನ್ನು ಮಕ್ಕಳ ತಲೆಯ ಮೇಲೆ ಹೊರಿಸದಿರುವುದು ಬೇರೆ. ಜ್ವರದಿಂದ ನರಳುವ ತಾಯಿ ಎದ್ದು ಕೂಸಿಗೆ ಗಂಜಿ ಕಾಯಿಸಿದರೆ ಅದನ್ನು ನಟನೆಯೆಂದು ಯಾರೂ ಅನ್ನರು. ಮಕ್ಕಳಿಗೆ ಬೇಕಾದುದು ಅಧ್ಯಾಪಕನ ನಗೆಗಿಂತ ಹೆಚ್ಚಾಗಿ ಅವನ ಗಮನ. ಆ ಗಮನವನ್ನು ದುಗುಡದ ನಡುವೆಯೂ ಕೊಡಬಹುದು. ಕೊಟ್ಟಲ್ಲಿ ನುಡಿ ನಡೆಗಳು ಒಂದಾದಂತೆಯೇ.

ಹಾಗಾದರೆ ಈ ಸ್ಥಾಯಿಯನ್ನು ಪೋಷಿಸುವುದು ಹೇಗೆ? ಉತ್ಸಾಹಕ್ಕೆ ಕಾರಣಗಳನ್ನು ಹೇಳುವಾಗ ಭರತನು ಅಸಮ್ಮೋಹ, ಅಧ್ಯವಸಾಯ, ವಿನಯ ಮೊದಲಾದವನ್ನು ಎಣಿಸುತ್ತಾನೆ. ಈ ಮೂರೂ ಅಧ್ಯಾಪಕನಿಗೆ ಕೈಗೆಟಕುವಂಥವೇ.

ಅಸಮ್ಮೋಹವೆಂದರೆ ಭ್ರಮೆಯಿಲ್ಲದಿರುವಿಕೆ, ತನ್ನದಾವುದು, ತನ್ನದಲ್ಲದುದಾವುದು ಎಂಬ ತಿಳಿವು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಹಿಂದಕ್ಕೆ ಕೊಟ್ಟು ಬರುವಂತೆ ಲಕ್ಕಮ್ಮನವರು ಹೇಳಿದ ಕಥೆ ವಾಚಕರಿಗೆ ವಿದಿತವೇ ಇದೆ. ಅಧ್ಯಾಪಕನ ಜೋಳಿಗೆಯಲ್ಲಿಯೂ ಇಂಥ ಹೆಚ್ಚಿನ ಅಕ್ಕಿ ಸೇರಿಕೊಳ್ಳುತ್ತದೆ. ನೆರೆಯ ಶಾಲೆಯ ಫಲಿತಾಂಶದ ಮೇಲಿನ ಕಣ್ಣು, ಎಲ್ಲ ಮಕ್ಕಳೂ ತನ್ನ ಎಣಿಕೆಯಂತೆಯೇ ಆಗಬೇಕೆಂಬ ಹಟ, ಮೆಚ್ಚುಗೆಯ ಹಸಿವು ಇವೆಲ್ಲ ಅಂಥವು. ಹೆಚ್ಚಾಗಿ ದಣಿಸುವುದು ಪಾಠವಲ್ಲ, ಈ ಭಾರ. ಇದನ್ನು ಇಳಿಸಿದವನು ಹಗುರಾಗಿ ನಡೆಯಬಲ್ಲನು.

ಅಧ್ಯವಸಾಯವೆಂದರೆ ನಿಶ್ಚಯಪೂರ್ವಕವಾದ ಯತ್ನ. ಮನಸ್ಸು ಅರಳಿದ ಮೇಲೆ ಸಿದ್ಧತೆ ಮಾಡುವೆನೆಂಬುದು ತಲೆಕೆಳಗಾದ ಕ್ರಮ. ಸಿದ್ಧತೆ ಮಾಡಿದರೆ ಮನಸ್ಸು ಅರಳುತ್ತದೆ. ಮೇಲೆ ಹೇಳಿದ ಕಾಯಿದೆಯು ಸಹ ಅಧ್ಯಾಪಕನ ವಾರದ 45 ಗಂಟೆಗಳಲ್ಲಿ ಸಿದ್ಧತೆಯ ಹೊತ್ತನ್ನು ಸೇರಿಸಿಯೇ ಎಣಿಸಿದೆ. ಇದಕ್ಕೆ ನಮ್ಮ ನಾಡಿನಲ್ಲಿಯೇ ಉತ್ತಮವಾದ ನಿದರ್ಶನವಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಪದ್ಧತಿ ಮೊದಲಾಯಿತು. ಅಲ್ಲಿಯ ಸರಕಾರಿ ಶಾಲೆಗಳ ಅಧ್ಯಾಪಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿಯ ಹಳ್ಳಿಶಾಲೆಗಳ ಕ್ರಮವನ್ನು ಕಂಡು ಬಂದು, ತಮ್ಮ ಮಕ್ಕಳಿಗೆ ತಕ್ಕ ಕಾರ್ಡುಗಳನ್ನೂ ಕಲಿಕೆಯ ಮೆಟ್ಟಿಲುಗಳನ್ನೂ ತಾವೇ ರಚಿಸಿದರು. ಪ್ರತಿಯೊಂದು ಮಗುವೂ ತನ್ನ ವೇಗಕ್ಕೆ ತಕ್ಕಂತೆ ಮೆಟ್ಟಿಲೇರುವ ಆ ಪದ್ಧತಿ ಅನಂತರ ರಾಜ್ಯಕ್ಕೆಲ್ಲ ಹರಡಿತು. ಪದ್ಧತಿಯ ಗುಣದೋಷಗಳ ಚರ್ಚೆ ಇಲ್ಲಿ ಬೇಡ. ಬೇರೆಯವರು ಕೊಟ್ಟುದನ್ನು ಒಪ್ಪಿಸುವವರಾಗಿ ಉಳಿಯದೆ, ಅಧ್ಯಾಪಕರು ತಾವೇ ರಚಿಸುವವರಾದರು ಎಂಬುದಷ್ಟೆ ಇಲ್ಲಿ ಗ್ರಾಹ್ಯ. ತಾನು ನೆಟ್ಟ ಗಿಡಕ್ಕೆ ನೀರೆರೆಯಲು ಯಾರಿಗೂ ಬೇಸರವಾಗದು.

ವಿನಯವೆಂದರೆ ಕಲಿಯುವ ಗುಣ. 42ರಲ್ಲಿ 17ನ್ನು ಕಳೆಯಲು ಹೇಳಿದಾಗ ಹುಡುಗನೊಬ್ಬನು 35 ಎಂದು ಬರೆಯುತ್ತಾನೆನ್ನಿ. ಬೇಸತ್ತ ಅಧ್ಯಾಪಕನು ತಪ್ಪಿನ ಗುರುತು ಹಾಕಿ ಮುಂದೆ ಹೋಗುವನು. ವಿನಯಿಯಾದವನು ಒಂದು ಗಳಿಗೆ ನಿಂತು, ಆ ಹುಡುಗನು 7ರಲ್ಲಿ 2ನ್ನೂ 4ರಲ್ಲಿ 1ನ್ನೂ ಕಳೆದಿರುವನೆಂದು, ಎಲ್ಲಿಯೂ ದೊಡ್ಡದರಲ್ಲಿ ಚಿಕ್ಕದನ್ನೇ ಕಳೆಯಬೇಕೆಂದು ತಿಳಿದಿರುವನೆಂದು ಕಂಡುಕೊಳ್ಳುವನು. ತಪ್ಪಿನ ಒಳಗೊಂದು ತರ್ಕವಿದೆ. ಅದನ್ನು ಕಂಡ ಗಳಿಗೆಯಲ್ಲಿ ಇಪ್ಪತ್ತು ವರ್ಷ ಹಳೆಯದಾದ ಲೆಕ್ಕವೂ ಹೊಸದಾಗುತ್ತದೆ. ಪಾಠ ಹಳೆಯದಾಗಬಹುದು, ಮಗು ಎಂದಿಗೂ ಹಳೆಯದಾಗದು. ಬತ್ತದ ಒರತೆ ಇರುವುದು ಇಲ್ಲಿ.

ಇಷ್ಟನ್ನು ಹೇಳಿ ಸಮಾಜವನ್ನು ಋಣಮುಕ್ತವಾಗಿಸುವುದು ನ್ಯಾಯವಲ್ಲ. ಕಾಯಕವನ್ನು ಕೊಂಡಾಡುವ ನೆವದಲ್ಲಿ ಕಾಯಕಜೀವಿಯ ಕೂಲಿಯನ್ನು ತಡೆಯುವುದು ಶರಣಧರ್ಮವಲ್ಲ. ಏಕೋಪಾಧ್ಯಾಯ ಶಾಲೆಯಲ್ಲಿ ಒಬ್ಬನೇ ಎಲ್ಲ ತರಗತಿಗಳನ್ನೂ ನೋಡಿಕೊಳ್ಳುವಾಗ, ಅತಿಥಿ ಶಿಕ್ಷಕಿಯೊಬ್ಬಳು ಮುಂದಿನ ವರ್ಷ ತಾನು ಇರುವೆನೋ ಇಲ್ಲವೋ ಎಂಬ ಅಳುಕಿನಲ್ಲಿ ಪಾಠ ಹೇಳುವಾಗ, ಉತ್ಸಾಹದಿಂದಿರಿ ಎಂಬ ಉಪದೇಶವೊಂದೇ ಕ್ರೂರವಾಗುತ್ತದೆ. ಜನಗಣತಿ, ವಿಪತ್ಪರಿಹಾರ, ಚುನಾವಣೆ ಇವುಗಳ ಹೊರತು ಪಾಠೇತರ ಕಾರ್ಯಗಳಿಗೆ ಅಧ್ಯಾಪಕರನ್ನು ನಿಯೋಜಿಸಕೂಡದೆಂದು ಅದೇ ಕಾಯಿದೆಯ 27ನೆಯ ವಿಧಿ ಹೇಳುತ್ತದೆ. ಅದನ್ನು ಮನಃಪೂರ್ವಕವಾಗಿ ಪಾಲಿಸುವುದೂ ಅಧ್ಯಾಪಕರಿಗೆ ಸಲ್ಲಿಸುವ ಗೌರವವೇ. ದೀಪಕ್ಕೆ ಬತ್ತಿ ಅಧ್ಯಾಪಕನದು. ಎಣ್ಣೆ ಎರೆಯುವ ಹೊಣೆ ಊರಿನದು.

ಆದರೂ ಊರು ಎಣ್ಣೆ ತರುವವರೆಗೆ ಮಕ್ಕಳು ಕತ್ತಲೆಯಲ್ಲಿ ಕುಳಿತಿರಲಾರರು. ಆದುದರಿಂದ ಹಕ್ಕನ್ನು ಕೇಳುತ್ತಲೇ ಕಾಯಕವನ್ನು ನಡೆಸಬೇಕಾಗಿದೆ. ವರ್ಷದ ಭಾರವನ್ನೆಲ್ಲ ಒಂದೇ ಸಲ ಹೊರಬೇಕಾಗಿಲ್ಲ. ನಾಳೆಯ ಒಂದು ಪಾಠವನ್ನು ಇಂದು ಸಂಜೆ ಸಿದ್ಧಗೊಳಿಸಿ, ನಾಳೆ ಒಂದು ಮಗುವಿನ ಒಂದು ತಪ್ಪನ್ನು ಅಕ್ಕರೆಯಿಂದ ನೋಡಿದರೆ ಆ ದಿನದ ಕಾಯಕ ಸಂದಂತೆ. ಹರ್ಷವು ಬಂದಾಗ ಬರಲಿ, ಹೋದಾಗ ಹೋಗಲಿ. ಉತ್ಸಾಹವು ನೆಲೆಯಾಗಿ ನಿಲ್ಲಲಿ.