ಬದಲಾದ ಬಿಡಿಭಾಗ, ಉಳಿದ ಬಾಯ್ಲರ್

ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ, ಅದರಲ್ಲೂ ಮೇನ್‌ನಲ್ಲಿ, ಎಷ್ಟೋ ಮನೆಗಳು ಚಳಿಗಾಲವನ್ನು ದಾಟುವುದು ನೆಲಮಾಳಿಗೆಯ ಎಣ್ಣೆ ಬಾಯ್ಲರನ್ನು ನಂಬಿಕೊಂಡು. ಅದರ ಎರಕದ ಕಬ್ಬಿಣದ ಒಡಲು ದಶಕಗಟ್ಟಲೆ ಬಾಳುತ್ತದೆ. ಅದಕ್ಕೆ ಬೆಂಕಿಯೂಡುವ ಬರ್ನರಿನ ಭಾಗಗಳು ಅಷ್ಟು ಬಾಳುವುದಿಲ್ಲ. ಕೆಟ್ಟಾಗ ಅದೇ ಮಾದರಿಯದು ಅಂಗಡಿಯಲ್ಲಿ ಎಷ್ಟೋ ಸಲ ಸಿಗುವುದೂ ಇಲ್ಲ. ಹಿಂದೆ ಜ್ವಾಲೆ ಹೊತ್ತಿತೋ ಇಲ್ಲವೋ ಎಂಬುದನ್ನು ಹೊಗೆಕೊಳವೆಯೊಳಗೆ ಚಾಚಿದ ಲೋಹದ ಸುರುಳಿ ಶಾಖದಿಂದ ತಿಳಿಯುತ್ತಿತ್ತು. ಆ ಕೆಲಸಕ್ಕೆ ಈಗ ಬೆಳಕನ್ನು ಗುರುತಿಸುವ ಕ್ಯಾಡ್ಮಿಯಂ ಸಲ್ಫೈಡಿನ ಪುಟ್ಟ ಕಣ್ಣಿದೆ. ನಿಮಿಷಕ್ಕೆ 1725 ಸುತ್ತು ತಿರುಗುತ್ತಿದ್ದ ಮೋಟರಿನ ಕಾಲ ಮುಗಿದು 3450 ಸುತ್ತಿನದು ಬಂದಿದೆ. ಭಾರದ ಟ್ರಾನ್ಸ್‌ಫಾರ್ಮರ್ ಹೋಗಿ ಎಲೆಕ್ಟ್ರಾನಿಕ್ ಇಗ್ನೈಟರ್ ಕೂತಿದೆ. ಹೀಗೆ ಒಂದೊಂದಾಗಿ ಬದಲಾಗುತ್ತ ಹೋದರೆ, ಮನೆಯವರು ‘ನಮ್ಮ ಹಳೇ ಬಾಯ್ಲರ್’ ಎನ್ನುವಾಗ ಯಾವುದನ್ನು ಕುರಿತು ಹೇಳುತ್ತಿರುತ್ತಾರೆ?

ಪ್ರಶ್ನೆ ಹಳೆಯದು. ಥೀಸಿಯಸನ ಹಡಗಿನ ಹಲಗೆಗಳನ್ನು ಕುರಿತು ಪ್ಲುಟಾರ್ಕ್ ಬರೆದದ್ದು ಇದನ್ನೇ. ಬೌದ್ಧ ಗ್ರಂಥ ‘ಮಿಲಿಂದಪಞ್ಹ’ದಲ್ಲಿ ಭಿಕ್ಷು ನಾಗಸೇನ ರಾಜನನ್ನು ಕೇಳುತ್ತಾನೆ: ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ? ಯಾವುದೂ ಅಲ್ಲ, ಅವೆಲ್ಲ ಕೂಡಿದಾಗ ನಾವು ಇಟ್ಟುಕೊಂಡ ವ್ಯವಹಾರದ ಹೆಸರು ‘ರಥ’. ವೈಶೇಷಿಕ ದರ್ಶನದವರು ಇದನ್ನು ಒಪ್ಪುವುದಿಲ್ಲ. ಅವಯವಗಳಿಗಿಂತ ಬೇರೆಯಾದ ಅವಯವಿ ನಿಜವಾಗಿಯೂ ಇದೆ ಎನ್ನುತ್ತಾರೆ. ಆದರೆ ಆ ನಿಲುವಿಗೆ ಅವರು ತೆತ್ತ ಬೆಲೆ ದೊಡ್ಡದು: ಬಟ್ಟೆಯಿಂದ ಒಂದು ನೂಲು ತೆಗೆದರೂ ಹಳೆಯ ಬಟ್ಟೆ ನಾಶವಾಗಿ ಹೊಸದೊಂದು ಹುಟ್ಟಿತೆಂದು ಅವರು ಹೇಳಬೇಕಾಯಿತು. ಪುರಿಯ ಭಕ್ತರದು ಇನ್ನೊಂದು ದಾರಿ. 2015ರಲ್ಲಿ ನಡೆದಂತೆ ನವಕಳೇಬರದಲ್ಲಿ ದೇವರ ದಾರುಮೂರ್ತಿಗಳೇ ಬದಲಾದರೂ, ಯಾರೂ ಕಣ್ಣಿಂದ ನೋಡಬಾರದ ಬ್ರಹ್ಮಪದಾರ್ಥ ಹಳೆಯ ಮೂರ್ತಿಯಿಂದ ಹೊಸದಕ್ಕೆ ದಾಟುತ್ತದೆ. ದೇವರು ಅದೇ ದೇವರಾಗಿ ಉಳಿಯುತ್ತಾನೆ. ಭಕ್ತಿಗೆ ಇದು ಸಾಕು. ಬಾಯ್ಲರಿನಲ್ಲಿ ಹಾಗೆ ದಾಟುವ ತಿರುಳು ಯಾವುದೂ ಇಲ್ಲ. ಆದರೂ ಅದು ಬರೀ ಹೆಸರಲ್ಲ ಎಂಬುದು ನನ್ನ ವಾದ.

ಅದಕ್ಕೆ ಸಾಕ್ಷಿ ನಾಝಲ್. ಎಣ್ಣೆಯನ್ನು ಮಂಜಿನಂತೆ ಸಿಂಪಡಿಸುವ, ಬೆರಳ ತುದಿಯಷ್ಟು ದೊಡ್ಡ ಈ ಹಿತ್ತಾಳೆ ತುಣುಕಿನ ಮೇಲೆ ಗಂಟೆಗೆ ಎಷ್ಟು ಗ್ಯಾಲನ್, ಎಷ್ಟು ಡಿಗ್ರಿ ಕೋನ ಎಂದು ಕೊರೆದಿರುತ್ತದೆ. ಆ ಗ್ಯಾಲನ್ ಲೆಕ್ಕ ಚದರ ಅಂಗುಲಕ್ಕೆ 100 ಪೌಂಡ್ ಒತ್ತಡದ್ದು. ಹೊಸ ಪಂಪು ಅದನ್ನು 140ಕ್ಕೆ ಏರಿಸಿದರೆ ಒಂದು ಗ್ಯಾಲನ್ನಿನ ನಾಝಲ್ ಸುಮಾರು 1.18 ಗ್ಯಾಲನ್ ಉಗುಳುತ್ತದೆ. ಆದ್ದರಿಂದ ಪಂಪು ಬದಲಿಸಿದವನು ನಾಝಲನ್ನೂ ಚಿಕ್ಕದು ಮಾಡಬೇಕು. ಕೋನ ಅಗಲವಾದರೆ ಎಣ್ಣೆಯು ಬೆಂಕಿ ಉರಿಯುವ ಗೂಡಿನ ಗೋಡೆಗೆ ಬಡಿದು ಮಸಿ ಕಟ್ಟುತ್ತದೆ. ತೀರ ಕಿರಿದಾದರೆ ಜ್ವಾಲೆ ಹಿಂಬದಿಯ ಗೋಡೆಯನ್ನು ಮುಟ್ಟುತ್ತದೆ. ಹಳೆಯ ಮೋಟರನ್ನು ಉಳಿಸಿಕೊಂಡು ಪಂಪು ಮಾತ್ರ ಬದಲಿಸುವುದಾದರೆ ಅದು ಅದೇ ವೇಗಕ್ಕೆ, ಅದೇ ದಿಕ್ಕಿನ ತಿರುಗಾಟಕ್ಕೆ ತಕ್ಕದ್ದಾಗಿರಬೇಕು. ಎಲ್ಲ ಜೋಡಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ: ಹೊಗೆಯನ್ನು ಕಾಗದದ ಮೇಲೆ ಹಿಡಿದು ಅದರ ಕಪ್ಪನ್ನು ಅಳೆದು, ಗಾಳಿಯನ್ನು ಹೆಚ್ಚು ಕಡಿಮೆ ಮಾಡಬೇಕು. ಇಲ್ಲಿ ಹೊಸ ಭಾಗಕ್ಕೆ ಷರತ್ತು ಹಾಕುತ್ತಿರುವುದು ಹಳೆಯ ಗೂಡು, ಅದರ ಉದ್ದ, ಅಗಲ, ಚಿಮಣಿಯ ಎಳೆತ. ಬರೀ ಹೆಸರು ಯಾರಿಗೂ ಷರತ್ತು ಹಾಕಲಾರದು. ಹೆಸರಿಗೆ ತಪ್ಪು ನಡೆದುಕೊಂಡರೆ ಮಸಿ ಕಟ್ಟುವುದಿಲ್ಲ. ಬರುವ ಭಾಗಗಳು ಇರುವ ಭಾಗಗಳಿಗೆ ಉತ್ತರ ಕೊಡಬೇಕಾಗಿರುವಷ್ಟು ಕಾಲವೂ ಆ ವಸ್ತು ಅದೇ ವಸ್ತು ಎಂದು ನಾನು ತಿಳಿಯುತ್ತೇನೆ.

ಬೌದ್ಧ ಪಂಡಿತನೊಬ್ಬ ಇದಕ್ಕೆ, ‘ನೀನು ಹೇಳಿದ್ದು ಪ್ರತೀತ್ಯಸಮುತ್ಪಾದವನ್ನೇ, ಒಂದನ್ನು ಅವಲಂಬಿಸಿ ಇನ್ನೊಂದು ಇರುವುದನ್ನೇ, ಇದರಲ್ಲಿ ನನ್ನನ್ನು ಖಂಡಿಸುವಂಥದ್ದೇನಿದೆ?’ ಎನ್ನಬಹುದು. ಅರ್ಧ ಒಪ್ಪುತ್ತೇನೆ. ಸಂಬಂಧದ ಹಿಂದೆ ಸ್ಥಿರವಾದ ಆತ್ಮವೊಂದು ಕೂತಿಲ್ಲ. ಆದರೆ ಸಂಬಂಧವೇ ನಿಜವಾದ ಮೇಲೆ ಅದನ್ನು ವ್ಯವಹಾರದ ಸುಳ್ಳೆಂದು ಕೆಳಗಿಳಿಸುವ ಅಗತ್ಯವೂ ಇಲ್ಲ. ಹೆಚ್ಚು ಕಷ್ಟದ ಆಕ್ಷೇಪ ಮನುಷ್ಯ ದೇಹದಿಂದ ಬರುತ್ತದೆ. ಕಸಿ ಮಾಡಿದ ಮೂತ್ರಪಿಂಡವನ್ನು ದೇಹ ತಾನಾಗಿ ಒಪ್ಪುವುದಿಲ್ಲ; ಔಷಧಿಯಿಂದ ದೇಹದ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸಬೇಕು. ಅಲ್ಲಿ ಹಳೆಯದು ಹೊಸದಕ್ಕೆ ತಲೆಬಾಗಿತು, ಆದರೂ ರೋಗಿ ಬೇರೆ ಮನುಷ್ಯನಾದನೆಂದು ಯಾರೂ ಹೇಳುವುದಿಲ್ಲ. ನಿಜ. ಆದರೆ ಒಂದು ಕಡೆ ತಲೆಬಾಗುವ ದೇಹ ನೂರು ಕಡೆ ಷರತ್ತು ಹಾಕುತ್ತಲೇ ಇರುತ್ತದೆ: ರಕ್ತದ ಗುಂಪು ಸಾಮಾನ್ಯವಾಗಿ ಹೊಂದಬೇಕು, ರಕ್ತನಾಳಗಳನ್ನು ಇದ್ದಲ್ಲಿಗೇ ಹೊಲಿಯಬೇಕು, ಔಷಧಿಯ ಪ್ರಮಾಣವನ್ನೂ ಆ ದೇಹವೇ ಗೊತ್ತು ಮಾಡುತ್ತದೆ. ಹಾಗಾಗಿ ‘ಅದೇ’ ಎಂಬುದು ಇದೆ ಅಥವಾ ಇಲ್ಲ ಎಂದು ಒಂದೇ ಏಟಿಗೆ ತೀರ್ಮಾನವಾಗುವ ಸಂಗತಿಯಲ್ಲ, ಹೆಚ್ಚು ಕಡಿಮೆಯಾಗುವ ಸಂಗತಿ. ವೈಶೇಷಿಕರು ಒಂದು ನೂಲಿಗೇ ಇಡೀ ಬಟ್ಟೆಯನ್ನು ಕಳೆದುಕೊಂಡದ್ದು ಈ ಸಾಧ್ಯತೆಗೆ ಜಾಗ ಬಿಡದೆ ಹೋದದ್ದರಿಂದ.

ಹಳೆಯದನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂಬ ಮಮಕಾರಕ್ಕೆ ಇದು ತತ್ವದ ಹೊದಿಕೆ ಎಂದು ಕೆಲವರು ಶಂಕಿಸಬಹುದು. ಆದರೆ ಈ ಅಳತೆಗೋಲು ಮಮಕಾರಕ್ಕೂ ಮಿತಿ ಹಾಕುತ್ತದೆ. ಇಡೀ ಬರ್ನರನ್ನೇ ಕಿತ್ತು ಹೊಸದನ್ನು ತಂದರೂ, ಅದರ ಕೊಳವೆಯ ಉದ್ದ, ನಾಝಲ್, ಗಾಳಿಯ ಅಳತೆ ಎಲ್ಲವನ್ನೂ ಹಳೆಯ ಗೂಡಿಗೆ ಹೊಂದಿಸಿಯೇ ಆರಿಸಿದರೆ ಬಾಯ್ಲರ್ ಉಳಿದಿದೆ. ಆ ಒಡಲೇ ಬಿರುಕು ಬಿಟ್ಟು ಹೊಸ ಒಡಲು ಬಂದು, ಉಳಿಸಿಕೊಂಡ ಹಳೆಯ ಬರ್ನರನ್ನು ಅದಕ್ಕೆ ತಕ್ಕಂತೆ ತಿದ್ದಬೇಕಾಗಿ ಬಂದರೆ, ಹಳೆಯ ತುಣುಕುಗಳು ಎಷ್ಟೇ ಕಣ್ಣಿಗೆ ಬಿದ್ದರೂ ಹಳೆಯ ಬಾಯ್ಲರ್ ಅಲ್ಲಿಲ್ಲ.